ಫ್ರಾಯ್ಡ್ ಕಬ್ಬಾಲಾವನ್ನು ಕದ್ದರಾ?

ಪ್ರಶ್ನೆ: ಮನೋವಿಶ್ಲೇಷಣೆಯನ್ನು ಫ್ರಾಯ್ಡ್ ಯಹೂದಿ ಅನುಭಾವದಿಂದ, ಅಂದರೆ ಕಬ್ಬಾಲಾದಿಂದ ಎತ್ತಿಕೊಂಡು ಮುಚ್ಚಿಟ್ಟರಂತೆ. ನಿಜವೇ?

ಉತ್ತರ: ಈ ‘ಅಂತೆ’ಗೆ ಎಷ್ಟು ಸಲ ಉತ್ತರ ಬರೆದೆನೋ, ಲೆಕ್ಕ ಇಟ್ಟಿಲ್ಲ. ಅದಕ್ಕೆ ಪುರಾವೆ ಇಲ್ಲ.

ಈ ಮಾತಿಗೆ ರೆಕ್ಕೆ ಬಂದದ್ದು 1958ರಲ್ಲಿ, ಡೇವಿಡ್ ಬಕಾನ್ ಎಂಬ ಮನಶ್ಶಾಸ್ತ್ರಜ್ಞರ ಪುಸ್ತಕದಿಂದ. ಫ್ರಾಯ್ಡ್ ತಂದೆ ಯಾಕೋಬ್ ಪೂರ್ವ ಯುರೋಪಿನ ಗಲೀಷಿಯಾದವರು, ಹಸಿದೀ ಎಂಬ ಯಹೂದಿ ಭಕ್ತಿಪಂಥದ ಮನೆತನ, ಅದು ಸರಿ. 1891ರಲ್ಲಿ ಮಗನಿಗೆ 35 ತುಂಬಿದಾಗ ಮನೆಯ ಹಳೇ ಬೈಬಲ್ಲಿಗೆ ಹೊಸ ಚರ್ಮದ ರಟ್ಟು ಹಾಕಿಸಿ, ಒಳಗೆ ಹೀಬ್ರೂವಿನಲ್ಲಿ ನಾಲ್ಕು ಮಾತು ಬರೆದು ಕೊಟ್ಟರು. ಇದನ್ನೇ ಹಿಡಿದು ‘ನೋಡಿ, ಸಿಕ್ಕಿಬಿದ್ದರು’ ಅನ್ನುತ್ತಾರೆ. ಅಲ್ಲ ಸ್ವಾಮೀ, ಅದು ಬೈಬಲ್! ಕಬ್ಬಾಲಾದ ಮುಖ್ಯ ಗ್ರಂಥ ಝೋಹಾರ್. ಅದರ ಹೆಚ್ಚಿನ ಭಾಗ ಅರಾಮಿಕ್ ಭಾಷೆಯಲ್ಲಿದೆ. ಫ್ರಾಯ್ಡ್ ಆದರೋ 1930ರಲ್ಲಿ ತಮ್ಮದೇ ಪುಸ್ತಕದ ಹೀಬ್ರೂ ಅನುವಾದಕ್ಕೆ ಮುನ್ನುಡಿ ಬರೆಯುವಾಗ, ಹೀಬ್ರೂವೇ ತಮಗೆ ಬಾರದು ಎಂದು ಒಪ್ಪಿಕೊಂಡವರು. ‘ಬಿಡಿಸದ ಕನಸು ಓದದ ಪತ್ರದ ಹಾಗೆ’ ಅನ್ನುವ ಮಾತನ್ನೂ ಸಾಕ್ಷಿಗೆ ತರುತ್ತಾರೆ. ಅದು ಮೂಲತಃ ಯಹೂದಿ ಧರ್ಮಶಾಸ್ತ್ರದ ಗ್ರಂಥ ತಾಲ್ಮುದ್‌ನ ಮಾತು, ಕಬ್ಬಾಲಾದಲ್ಲಿ ಹುಟ್ಟಿದ್ದಲ್ಲ. ಇನ್ನು ‘ಮುಚ್ಚಿಟ್ಟರು’ ಅನ್ನುವ ವಾದ ಕೇಳಿ: ಪುರಾವೆ ಸಿಗದಿದ್ದರೆ ಅದೇ ಪುರಾವೆ! ಇಂಥದ್ದಕ್ಕೆ ಏನು ಹೇಳೋಣ? ಹೋಲಿಕೆ ಇರಬಹುದು. ಹೋಲಿಕೆ ಬೇರೆ, ಸಾಲ ಬೇರೆ.

ನಿಜವಾದ ನಂಟು ಬೇಕಿದ್ದರೆ, ಒಂದು ಕಾಲದಲ್ಲಿ ಫ್ರಾಯ್ಡ್ ಜೊತೆಗಾರರಾಗಿದ್ದ ಮನೋವೈದ್ಯ ಯೂಂಗ್ ಹತ್ತಿರ ಬನ್ನಿ. ಅವರು ಯಹೂದಿಯೇ ಅಲ್ಲ, ಸ್ವಿಸ್ ಪಾದ್ರಿಯೊಬ್ಬರ ಮಗ. 1944ರಲ್ಲಿ ಹೃದಯಾಘಾತವಾಗಿ ಆಸ್ಪತ್ರೆಯಲ್ಲಿದ್ದಾಗ, ತಾವು ದಾಳಿಂಬೆ ತೋಟದಲ್ಲಿದ್ದಂತೆ, ಅಲ್ಲಿ ತಿಫೆರೆತ್ ಮತ್ತು ಮಲ್ಖುತ್‌ಗೆ ಮದುವೆ ನಡೆಯುತ್ತಿದ್ದಂತೆ ಕಂಡರು. ಇವೆರಡೂ ಕಬ್ಬಾಲಾ ಹೇಳುವ ಹತ್ತು ದೈವೀ ಶಕ್ತಿಗಳ ಪೈಕಿ. ‘ದಾಳಿಂಬೆ ತೋಟ’ ಅನ್ನೋದು 16ನೇ ಶತಮಾನದಲ್ಲಿ ಸಫೇದ್ ಊರಿನ ಮೋಶೆ ಕೊರ್ಡೊವೆರೊ ಬರೆದ ಕಬ್ಬಾಲಾ ಗ್ರಂಥದ ಹೆಸರು. ರಾತ್ರಿ ಊಟ ಬಿಸಿ ಮಾಡಿ ತಂದ ನರ್ಸ್ ಕೂಡ ಯೂಂಗ್ ಕಣ್ಣಿಗೆ, ಮಡಿಯಲ್ಲಿ ಅಡುಗೆ ಮಾಡಿಕೊಡುವ ಯಹೂದಿ ಅಜ್ಜಿಯ ಹಾಗೆ ಕಂಡಳಂತೆ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ನನ್ನನ್ನು ಜಾಸ್ತಿ ಕಾಡುತ್ತದೆ. ಇದೇ ಯೂಂಗ್ 1934ರಲ್ಲಿ, ಆರ್ಯರ ಅಚೇತನ ಮನಸ್ಸಿಗೆ ಯಹೂದಿಗಳದ್ದಕ್ಕಿಂತ ಕಸುವು ಹೆಚ್ಚು ಎಂದು ಬರೆದಿದ್ದರು. ಹಿಟ್ಲರ್ ಬಂದು ಒಂದೇ ವರ್ಷ ಆಗಿತ್ತು. ಅಂಥ ಯೂಂಗ್ ಇದ್ದ ಎರಾನೋಸ್ ಎಂಬ ವಿದ್ವಾಂಸರ ಕೂಟಕ್ಕೆ ಕಬ್ಬಾಲಾ ವಿದ್ವಾಂಸ ಗೆರ್ಶೋಮ್ ಶೋಲೆಮ್ ಹೇಗೆ ಹೋದರು? ಸುಮ್ನೆ ಹೋಗಲಿಲ್ಲ. ಆಹ್ವಾನ ಬಂದಾಗ, ನಾತ್ಸಿ ಶಿಬಿರದಿಂದ ಬದುಕಿ ಬಂದಿದ್ದ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಲಿಯೋ ಬೆಕ್ ಅವರನ್ನು ಕೇಳಿದರು. ಬೆಕ್ ಅಷ್ಟರಲ್ಲಾಗಲೇ ಜೂರಿಚ್‌ನಲ್ಲಿ ಯೂಂಗ್ ಜೊತೆ ಎರಡು ಗಂಟೆ ಜಗಳವಾಡಿದ್ದರು. ಕೊನೆಗೆ ಯೂಂಗ್, ಹೌದು, ನಾನು ಜಾರಿದೆ ಎಂದರಂತೆ. ಅಷ್ಟು ಸಾಕಿತ್ತೇ? ನನಗೆ ಸಾಲದು. ಬೆಕ್ ಮಾತ್ರ ಹೋಗಿ ಎಂದರು. ಶೋಲೆಮ್ 1949ರಲ್ಲಿ ಸ್ವಿಟ್ಜರ್ಲೆಂಡಿನ ಅಸ್ಕೋನಾದಲ್ಲಿ ನಡೆದ ಆ ಕೂಟದಲ್ಲಿ ಉಪನ್ಯಾಸ ಕೊಟ್ಟರು.