ಮಳೆ ಬಿಟ್ಟ ಮೇಲೆ ಹಿತ್ತಲಲ್ಲಿ ಏನು ನೆಡುವುದು? ಮೊದಲು ಬಾವಿ ನೋಡಿ

ಓದುಗರ ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಹಿತ್ತಲಲ್ಲಿ ಎರಡು ಸೆಂಟ್ಸ್ ಜಾಗ ಖಾಲಿ ಬಿದ್ದಿದೆ. ಮಳೆ ಬಿಡುತ್ತಾ ಬಂತು. ಅಕ್ಟೋಬರ್‌ನಲ್ಲಿ ಕ್ಯಾರೆಟ್, ಬಟಾಣಿ, ಕ್ಯಾಬೇಜ್ ಹಾಕಿ ಎಂದು ಯೂಟ್ಯೂಬ್‌ನಲ್ಲಿ ಹೇಳುತ್ತಾರೆ. ನಮ್ಮಲ್ಲಿ ಅಂಥ ಚಳಿಯೇ ಇಲ್ಲವಲ್ಲ? ಹಾಗಾದರೆ ಈಗ ಏನು ನೆಟ್ಟರೆ ಒಳ್ಳೆಯದು?

ಉತ್ತರ: ಅವಸರ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಹರಿವೆ, ಅಲಸಂಡೆ, ಬೆಂಡೆ, ಸೌತೆ ಈಗಲೇ ಹಾಕಿ. ಬದನೆ, ಮೆಣಸಿನ ಸಸಿ ತಯಾರು ಮಾಡಿ. ಕ್ಯಾಬೇಜ್ ಮತ್ತು ಹೂಕೋಸು ಆಸೆಗೆ ಹತ್ತು ಗಿಡ ಸಾಕು. ಕ್ಯಾರೆಟ್, ಬಟಾಣಿ ಬಿಟ್ಟುಬಿಡಿ. ಅವಸರ ಇಲ್ಲದವರು ಮುಂದೆ ಓದಿ.

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಆ ವಿಡಿಯೋ ಮಾಡುವವರು ಹೆಚ್ಚಾಗಿ ಬೆಂಗಳೂರು, ಮೈಸೂರು ಕಡೆಯವರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ರಾತ್ರಿ 15-16 ಡಿಗ್ರಿಗೆ ಇಳಿಯುತ್ತದೆ. ನಮ್ಮಲ್ಲಿ ಅದೇ ತಿಂಗಳಲ್ಲಿ ರಾತ್ರಿ 20-22 ಡಿಗ್ರಿ, ಹಗಲು 31-33. ಬೆಳಗ್ಗೆ ಮಂಜು ಬಿದ್ದಾಗ ಒಂದು ಶಾಲು ಹೊದ್ದುಕೊಳ್ಳುತ್ತೇವೆ, ಒಂಬತ್ತು ಗಂಟೆಗೆ ಬೆವರುತ್ತೇವೆ. ಬಟಾಣಿಗೆ ಇದನ್ನು ಚಳಿ ಎಂದು ನಂಬಿಸಲು ಆಗುವುದಿಲ್ಲ.

ಹಾಗಂತ ಮಲಯಾಳಂನಲ್ಲಿ ಬರುವ ಸಲಹೆ ನಂಬೋಣ ಅಂದರೆ ಅದೂ ಪೂರ್ತಿ ಹೊಂದುವುದಿಲ್ಲ. ಅವರು ತುಲಾವರ್ಷವನ್ನು ಲೆಕ್ಕಕ್ಕೆ ಹಿಡಿದೇ ಮಾತಾಡುತ್ತಾರೆ. ಅಕ್ಟೋಬರ್, ನವೆಂಬರ್‌ನ ಆ ಮಧ್ಯಾಹ್ನದ ಗುಡುಗುಮಳೆ ತಿರುವನಂತಪುರ, ಕೊಲ್ಲಂ ಕಡೆ ಜೋರು. ಉತ್ತರದ ತುದಿಯಲ್ಲಿರುವ ನಮಗೆ ಸಿಗುವುದು ಅದರ ಉಳಿಕೆ ಪಾಲು. ಕನ್ನಡದ ಸಲಹೆ ಘಟ್ಟದ ಮೇಲಿನದು, ಮಲಯಾಳಂ ಸಲಹೆ ತೆಂಕಣದ್ದು. ಕಾಸರಗೋಡಿನ ಕನ್ನಡದವರ ಪಾಡು ತರಕಾರಿಯಲ್ಲೂ ಹೀಗೇ, ಅಲ್ವಾ?

ಆದ್ದರಿಂದ ನಾನು ಥರ್ಮಾಮೀಟರ್ ನೋಡುವುದು ಬಿಟ್ಟು ಬಾವಿ ನೋಡಲು ಶುರು ಮಾಡಿದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ನೆಲ ಇಳಿಜಾರು, ಕೆಳಗೆ ತೂತು ತೂತು ಮುರಕಲ್ಲು. ಬಿದ್ದ ನೀರಿಗೆ ಹೊಳೆ ಸೇರುವ ಆತುರ. ಅಕ್ಟೋಬರ್‌ನಲ್ಲಿ ಬಗ್ಗಿ ಮೊಗೆಯುವಂತಿದ್ದ ಬಾವಿ ಮಾರ್ಚ್‌ಗೆ ತಳ ತೋರಿಸುತ್ತದೆ.

ನಿಮ್ಮ ಅತ್ತೆಯವರನ್ನೋ ಪಕ್ಕದ ಮನೆಯ ಹಿರಿಯರನ್ನೋ ಕೇಳಿ: ಈ ಬಾವಿಯಲ್ಲಿ ಕೊಡಪಾನ ಕೆಸರು ತಾಗುವುದು ಯಾವ ತಿಂಗಳಲ್ಲಿ? ಅಲ್ಲಿಂದ ಹಿಂದಕ್ಕೆ ಎಣಿಸಿ. ಫೆಬ್ರವರಿ ಕೊನೆಗೆ ನೀರು ಮುಗಿಯುತ್ತದೆ ಅನ್ನಿ. ಹರಿವೆಗೆ ಒಂದು ತಿಂಗಳು ಸಾಕು. ಬೆಂಡೆ, ಅಲಸಂಡೆ 45-50 ದಿನಕ್ಕೆ ಕೊಯ್ಲಿಗೆ ಬಂದು, ಆಮೇಲೆ ಒಂದೂವರೆ ಎರಡು ತಿಂಗಳು ಕೊಡುತ್ತವೆ. ಅಕ್ಟೋಬರ್ ನಡುವಿಗೆ ಹಾಕಿದರೆ ಜನವರಿ ಕೊನೆಗೆ ಅವುಗಳ ಕತೆ ಮುಗಿದಿರುತ್ತದೆ, ನಿಮ್ಮ ಬಾವಿಯದ್ದು ಮುಗಿದಿರುವುದಿಲ್ಲ. ಅದೇ ಡಿಸೆಂಬರ್ ಕೊನೆಗೆ ಹಾಕಿದರೆ ಕಾಯಿ ಬಿಡುವ ಹೊತ್ತಿಗೆ ಸರಿಯಾಗಿ ನೀರಿಗೆ ಬರಗಾಲ. ಬಾಯಾರು, ಪೆರ್ಲ ಕಡೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಇರುವವರು ಪುಣ್ಯವಂತರು. ಬೆರಳು ದಪ್ಪ ಬಂದರೂ ರಾತ್ರಿ ಬೆಳಗಾಗುವಷ್ಟರಲ್ಲಿ ಟಾಂಕಿ ತುಂಬುತ್ತದೆ. ಅವರಿಗೆ ಈ ಲೆಕ್ಕ ಬೇಡ.

ಇನ್ನು ಮಣ್ಣು. ನಾಲ್ಕು ತಿಂಗಳ ಮಳೆ ಮಣ್ಣಿನ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿರುತ್ತದೆ. ನಮ್ಮ ಮುರಮಣ್ಣು ಮೊದಲೇ ಹುಳಿ, ಮಳೆ ಬಿಟ್ಟ ಮೇಲೆ ಇನ್ನೂ ಹುಳಿ. ಒಂದು ಸೆಂಟ್‌ಗೆ ಎರಡು ಮೂರು ಕಿಲೋ ಸುಣ್ಣದ ಪುಡಿ ಹರಡಿ, ಕೊತ್ತಿ ಬಿಡಿ. ಎರಡು ವಾರ ಕಳೆದ ಮೇಲೆ ಹಟ್ಟಿಗೊಬ್ಬರ ಹಾಕಿ. ಎರಡನ್ನೂ ಒಟ್ಟಿಗೆ ಸುರಿದರೆ ಗೊಬ್ಬರದ ಸಾರ ಗಾಳಿಗೆ ಹೋಗುತ್ತದೆ. ಸುಡುಮಣ್ಣು, ಅಂದರೆ ತರಗೆಲೆ ಕಸದ ಜೊತೆ ಸುಟ್ಟ ಮಣ್ಣು, ಮಾಡುವ ಅಭ್ಯಾಸ ಇದ್ದರೆ ಇನ್ನೂ ಒಳ್ಳೆಯದು. ಬಚ್ಚಲ ಒಲೆಯ ಬೂದಿಯನ್ನು ಎಸೆಯಬೇಡಿ, ಮುಂದೆ ಬೇಕಾಗುತ್ತದೆ.

ಹರಿವೆಯಿಂದ ಶುರು ಮಾಡೋಣ. ಮಳೆಗಾಲದಲ್ಲಿ ಕೆಂಪು ಹರಿವೆಯ ಎಲೆ ಮೇಲೆ ಬಿಳಿ ಬಿಳಿ ಚುಕ್ಕೆ ಬಂದು ಆಮೇಲೆ ತೂತಾಗುವುದನ್ನು ನೋಡಿರುತ್ತೀರಿ. ಅದು ಶಿಲೀಂಧ್ರ ರೋಗ, ಮಳೆಹನಿ ಮಣ್ಣನ್ನು ಎಲೆಗೆ ಸಿಡಿಸಿದಾಗ ಹರಡುತ್ತದೆ. ಈಗ ಮಳೆ ಇಲ್ಲ, ಅದರ ಕಾಟವೂ ಕಡಿಮೆ. ನೀರನ್ನು ಮಾತ್ರ ತಲೆಯ ಮೇಲಿಂದ ಸುರಿಯಬೇಡಿ, ಬುಡಕ್ಕೆ ಹಾಕಿ. ಹಸಿರು ಹರಿವೆಗೆ ಈ ರೋಗ ಅಷ್ಟಾಗಿ ತಾಗುವುದಿಲ್ಲ. ಕೆಂಪು, ಹಸಿರು ಎರಡನ್ನೂ ಬೆರೆಸಿ ಒಂದೇ ಪಾತಿಯಲ್ಲಿ ಹಾಕಿದರೆ ಕೆಂಪೂ ಬಚಾವ್.

ಹರಿವೆ ಬೀಜ ಸಾಸಿವೆಗಿಂತ ಸಣ್ಣದು. ಸುಮ್ನೆ ಎರಚಿದರೆ ಒಂದು ಕಡೆ ರಾಶಿ, ಒಂದು ಕಡೆ ಬೋಳು. ಸಾಲದ್ದಕ್ಕೆ ಇರುವೆಗಳು ಹೊತ್ತುಕೊಂಡು ಹೋಗುತ್ತವೆ. ಒಂದು ಚಮಚ ಬೀಜಕ್ಕೆ ಒಂದು ಹಿಡಿ ರವೆ ಬೆರೆಸಿ ಎರಚಿ. ಸಮನಾಗಿ ಬೀಳುತ್ತದೆ. ಇರುವೆಗಳೂ ರವೆ ಹೊರುವುದರಲ್ಲೇ ಮಗ್ನವಾಗಿರುತ್ತವೆ. ಉಪ್ಪಿಟ್ಟಿನ ರವೆ ಇರುವೆಗೆ ಹಾಕುತ್ತೀಯಾ ಎಂದು ನನ್ನ ಅಮ್ಮ ಬೈದದ್ದುಂಟು. ನಾಲ್ಕನೇ ದಿನ ಮೊಳಕೆ ನೋಡಿ ಸುಮ್ಮನಾದರು.

ಒಂದು ಎಚ್ಚರಿಕೆ. ನವೆಂಬರ್, ಡಿಸೆಂಬರ್‌ನಲ್ಲಿ ಹಗಲು ಗಿಡ್ಡ. ನಮ್ಮಲ್ಲಿ ಜೂನ್‌ಗೂ ಡಿಸೆಂಬರ್‌ಗೂ ಹಗಲಿನ ವ್ಯತ್ಯಾಸ ಒಂದೂವರೆ ಗಂಟೆಯೂ ಇಲ್ಲ. ಆದರೂ ಕೆಲವು ಹರಿವೆ ತಳಿಗೆ ಅದು ಗೊತ್ತಾಗಿಬಿಡುತ್ತದೆ. ಗೇಣುದ್ದ ಆಗುವ ಮೊದಲೇ ಹೂ ಬಿಟ್ಟು ಮುದಿಯಾಗುತ್ತದೆ. ಕಣ್ಣಾರ ಲೋಕಲ್ ಎಂಬ ಕೆಂಪು ತಳಿಯ ಸ್ವಭಾವ ಇದು. ನಿಮ್ಮಲ್ಲಿರುವ ಮನೆಬೀಜ ಇಂಥದ್ದಾದರೆ ಸೆಪ್ಟೆಂಬರ್‌ನಲ್ಲೇ ಹಾಕಬೇಕಿತ್ತು. ಈಗ ಹಾಕುವುದಾದರೆ ಅರುಣ್ ಎಂಬ ತಳಿ ಕೇಳಿ ತನ್ನಿ.

ಅಲಸಂಡೆಗೆ ಇದು ಒಳ್ಳೆಯ ಕಾಲ. ಚಪ್ಪರ ಅಥವಾ ಕೋಲು ಕೊಡಲು ಆಗುವುದಾದರೆ ಲೋಲ, ವೆಳ್ಳಾಯಣಿ ಜ್ಯೋತಿಕ ತಳಿಗಳು ಮೊಳದುದ್ದದ ಕಾಯಿ ಕೊಡುತ್ತವೆ. ಚಪ್ಪರದ ರಗಳೆ ಬೇಡ ಅಂದರೆ ಭಾಗ್ಯಲಕ್ಷ್ಮಿ, ಅದು ಪೊದೆ ಅಲಸಂಡೆ. ಮಂಜು ಬೀಳಲು ಶುರುವಾದ ಮೇಲೆ ಎಳೆ ಕುಡಿಗೆ ಕಪ್ಪು ಹೇನು ಮುತ್ತುತ್ತದೆ. ಆ ಬೂದಿ ಈಗ ಬೇಕು. ಬೆಳಗ್ಗೆ ಎಲೆ ಒದ್ದೆ ಇರುವಾಗಲೇ ಎರಚಿ, ಆಗ ಅಂಟಿಕೊಳ್ಳುತ್ತದೆ. ಜಾಸ್ತಿ ಇದ್ದರೆ ಆ ಕುಡಿಯನ್ನೇ ಚಿವುಟಿ ತೆಗೆಯಿರಿ, ಮರುಕ ಬೇಡ.

ಬೆಂಡೆಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ರಾತ್ರಿ ನೆನೆಹಾಕಿ, ಬೆಳಗ್ಗೆ ಒಂದೂವರೆ ಅಡಿಗೆ ಒಂದರಂತೆ ಊರಿ. ಎಲೆಯ ನರ ಹಳದಿಯಾಗುವ ರೋಗವನ್ನು ತರುವುದು ಬಿಳಿನೊಣ. ಅದು ಬೇಸಿಗೆಯಲ್ಲಿ ಜಾಸ್ತಿ, ಹಾಗಾಗಿ ಈಗ ಹಾಕಿದ ಬೆಂಡೆ ಫೆಬ್ರವರಿಯ ಬೆಂಡೆಗಿಂತ ಚೆನ್ನಾಗಿರುತ್ತದೆ.

ಬದನೆ, ಟೊಮೆಟೊ, ಮೆಣಸಿನ ವಿಷಯಕ್ಕೆ ಬಂದರೆ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆ ಹೆಚ್ಚಿನವರು ಸೋಲುವುದು ಇಲ್ಲೇ. ಗಿಡ ಹುಲುಸಾಗಿ ಬೆಳೆದು ಹೂ ಬಿಟ್ಟಿರುತ್ತದೆ. ಒಂದು ಮಧ್ಯಾಹ್ನ ನೋಡಿದರೆ ಬಿಸಿನೀರು ಹೊಯ್ದ ಹಾಗೆ ಜೋತುಬಿದ್ದಿರುತ್ತದೆ. ಎಲೆ ಹಳದಿಯಾಗಿಲ್ಲ, ಹುಳ ಇಲ್ಲ. ನೀರು ಸಾಲದು ಎಂದು ಇನ್ನೆರಡು ಕೊಡಪಾನ ಹೊಯ್ಯುತ್ತೇವೆ. ಎರಡು ದಿನದಲ್ಲಿ ಸತ್ತಿರುತ್ತದೆ. ಇದು ಸೊರಗು ರೋಗ. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ ಬೇರಿನಿಂದ ಒಳಗೆ ಹೋಗಿ ನೀರಿನ ದಾರಿಯನ್ನೇ ಕಟ್ಟಿಹಾಕುತ್ತದೆ. ನಮ್ಮ ಹುಳಿ ಮಣ್ಣು ಅದಕ್ಕೆ ಅಚ್ಚುಮೆಚ್ಚು.

ಸಂಶಯ ಇದ್ದರೆ ಹೀಗೆ ನೋಡಿ. ಜೋತುಬಿದ್ದ ಗಿಡದ ಕಾಂಡವನ್ನು ಬುಡದ ಹತ್ತಿರ ಕೊಯ್ದು, ತುಂಡಿನ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅದ್ದಿ ಹಿಡಿಯಿರಿ. ಅಲ್ಲಾಡಿಸಬೇಡಿ. ಸ್ವಲ್ಪ ಹೊತ್ತಿನಲ್ಲಿ ಕೊಯ್ದ ಜಾಗದಿಂದ ಹಾಲಿನ ಎಳೆಯಂತೆ ಬಿಳಿ ನೂಲು ಇಳಿದರೆ ಅದೇ ರೋಗ. ಔಷಧಿಗೆ ದುಡ್ಡು ಹಾಕಬೇಡಿ. ಬೇರು ಸಮೇತ ಕಿತ್ತು ಸುಟ್ಟುಬಿಡಿ, ಆ ಗುಂಡಿಯಲ್ಲಿ ಮತ್ತೆ ಬದನೆ ಜಾತಿಯ ಗಿಡ ನೆಡಬೇಡಿ.

ದಾರಿ ಇರುವುದು ತಳಿಯಲ್ಲಿ. ಕೇರಳ ಕೃಷಿ ವಿಶ್ವವಿದ್ಯಾಲಯದವರು ಈ ರೋಗ ತಡೆಯುವ ತಳಿಗಳನ್ನೇ ಮಾಡಿದ್ದಾರೆ. ಬದನೆಯಲ್ಲಿ ಸೂರ್ಯ, ಶ್ವೇತ, ಹರಿತ. ಟೊಮೆಟೊದಲ್ಲಿ ಶಕ್ತಿ, ಮುಕ್ತಿ, ಅನಘ. ಮೆಣಸಿನಲ್ಲಿ ಉಜ್ವಲ, ಅನುಗ್ರಹ. ಘಟ್ಟದ ಮೇಲಿನ ಸಂತೆಯಿಂದ ತಂದ ಚೆಂದದ ಟೊಮೆಟೊ ಸಸಿ ನಮ್ಮ ಮಣ್ಣಿನಲ್ಲಿ ಬದುಕುವುದು ಅದೃಷ್ಟ. ಉಡುಪಿ ಕಡೆಯ ಗುಳ್ಳ ಬದನೆಯೇ ಬೇಕೆಂಬ ಆಸೆ ಇದ್ದರೆ ಎರಡು ಗಿಡ ಹಾಕಿ ನೋಡಿ. ಪೂರ್ತಿ ಪಾತಿಯನ್ನು ಅದಕ್ಕೆ ಕೊಡಬೇಡಿ.

ಈಗ ಕ್ಯಾಬೇಜ್, ಹೂಕೋಸು. ನನ್ನದೊಂದು ಪೆಟ್ಟು ತಿಂದ ಕತೆ ಇದೆ. ಕೆಲವು ವರ್ಷದ ಹಿಂದೆ ಪೇಟೆಯ ಅಂಗಡಿಯೊಂದರಲ್ಲಿ ಹೂಕೋಸಿನ ಬೀಜ ತಂದೆ. ಪ್ಯಾಕೆಟ್ ಮೇಲೆ ಹಿಮದಂಥ ಬಿಳಿ ಹೂವಿನ ಚಿತ್ರ. ಮೂವತ್ತು ಗಿಡ ನೆಟ್ಟು, ದಿನಕ್ಕೆರಡು ಸಲ ನೀರು ಹೊಯ್ದೆ. ಎಲೆ ಅಂದರೆ ಎಲೆ, ಮೊರದಗಲ! ಫೆಬ್ರವರಿ ಬಂದರೂ ಹೂ ಇಲ್ಲ. ಕೊನೆಗೆ ಎಲ್ಲ ಕೊಯ್ದು ಹಟ್ಟಿಗೆ ಹಾಕಿದೆವು. ದನಕ್ಕೆ ಅಂಥ ದೀಪಾವಳಿ ಅದಕ್ಕೂ ಮೊದಲು ಆಗಿರಲಿಲ್ಲ. ಆಮೇಲೆ ಗೊತ್ತಾಯಿತು, ಹೂಕೋಸಿನಲ್ಲಿ ತಡವಾಗಿ ಬರುವ ತಳಿಗಳಿಗೆ ಹೂ ಕಟ್ಟಲು 10-16 ಡಿಗ್ರಿಯ ಚಳಿ ಬೇಕು. ಬೇಗ ಬರುವ ತಳಿಗಳು 20-25 ಡಿಗ್ರಿಯಲ್ಲೂ ಕಟ್ಟುತ್ತವೆ. ಪೂಸಾ ಮೇಘನಾ, ಬಸಂತ್ ಇಂಥವು. ಸಸಿಯನ್ನು ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲಿಗೆ ನೆಟ್ಟರೆ ನಮ್ಮಲ್ಲಿ ಸಿಗುವ ಅಷ್ಟಿಷ್ಟು ತಂಪೆಲ್ಲ ಅವಕ್ಕೆ ಸಿಗುತ್ತದೆ. ಹೂ ತೆಂಗಿನಕಾಯಿ ಗಾತ್ರ ಆದರೆ ಸಂತೋಷಪಡಿ. ಬಿಸಿಲಿಗೆ ಹಳದಿಯಾಗದಂತೆ ಅದರದ್ದೇ ಎಲೆ ಮಡಚಿ ಮುಚ್ಚಿ.

ಕ್ಯಾರೆಟ್ ಮುರಕಲ್ಲಿನ ಚೂರು ತಾಗಿದಲ್ಲೆಲ್ಲ ಕವಲೊಡೆದು ಮನುಷ್ಯನ ಕಾಲಿನ ಹಾಗೆ ಆಗುತ್ತದೆ. ಮಕ್ಕಳಿಗೆ ನಗಲು ಒಳ್ಳೆಯದು. ಗೆಡ್ಡೆಯೇ ಬೇಕಾದರೆ ಪೂಸಾ ಚೇತ್ಕಿ ಮೂಲಂಗಿ ಹಾಕಿ. ಸೆಖೆ ತಡೆಯುತ್ತದೆ, 45 ದಿನದಲ್ಲಿ ಕೈಗೆ ಬರುತ್ತದೆ.

ಬೀಜ ಎಲ್ಲಿ ಸಿಗುತ್ತದೆ ಎಂದು ಕೇಳುವ ಮೊದಲೇ ಹೇಳುತ್ತೇನೆ. ನಿಮ್ಮ ಪಂಚಾಯತಿನ ಕೃಷಿಭವನದಲ್ಲಿ ವಿಚಾರಿಸಿ. ಪಿಲಿಕ್ಕೋಡಿನ ಕೃಷಿ ಸಂಶೋಧನಾ ಕೇಂದ್ರ ಸ್ವಲ್ಪ ದೂರ, ಆದರೂ ಆ ಕಡೆ ಹೋಗುವ ಕೆಲಸ ಇದ್ದರೆ ಇಳಿದು ನೋಡಿ. ಪ್ಯಾಕೆಟ್ ಮೇಲೆ ಹೆಸರು ಮಲಯಾಳಂನಲ್ಲಿ ಇರುತ್ತದೆ. ಚೀರ ಅಂದರೆ ಹರಿವೆ, ಪಯರ್ ಅಲಸಂಡೆ, ವೆಂಡ ಬೆಂಡೆ, ಪೀಚಿಂಗ ಹೀರೆ, ಪಾವಲ್ ಹಾಗಲ. ಮತ್ತನ್ ಅಂದರೆ ನಮ್ಮ ಚೀನಿಕಾಯಿ. ಕುಂಬಳಂ ಅಂದರೆ ಬೂದಿ ಕುಂಬಳ. ಘಟ್ಟದ ಮೇಲಿನ ನೆಂಟರು ಚೀನಿಕಾಯಿಯನ್ನೇ ಕುಂಬಳ ಅನ್ನುತ್ತಾರೆ, ಅವರಿಗೆ ಬೀಜ ಕಳಿಸುವಾಗ ಜಾಗ್ರತೆ.

ಕೊನೆಗೆ ಸೌತೆ, ಮಲಯಾಳಂನ ವೆಳ್ಳರಿ. ಸಾಂಬಾರಿನ ದಪ್ಪ ಸೌತೆ ಇದು. ಇದನ್ನು ನಾನು ಎರಡು ಸಲ ಹಾಕುತ್ತೇನೆ. ಈಗ ಹಾಕಿದ್ದು ಡಿಸೆಂಬರ್‌ಗೆ ಬರುತ್ತದೆ, ತಿಂದು ಮುಗಿಸುವುದಕ್ಕೆ. ಬಾವಿಯ ನೀರು ಸಾಕು ಅನಿಸಿದರೆ ಜನವರಿಯಲ್ಲಿ ನಾಲ್ಕೇ ಗುಂಡಿಗೆ ಮತ್ತೆ. ಸುತ್ತ ಅಡಿಕೆ ಸೋಗೆ ಹೊದಿಸಿದರೆ ನೀರು ಕಡಿಮೆ ಸಾಕು, ಕಾಯಿಗೂ ಮಣ್ಣು ತಾಗುವುದಿಲ್ಲ. ಅದು ಬಲಿತು ಬಣ್ಣ ತಿರುಗಿದ ಮೇಲೆ ಕೊಯ್ದು, ಬಾಳೆಹಗ್ಗದಲ್ಲಿ ಕಟ್ಟಿ ಮಾಡಿನ ಪಕಾಸಿಗೆ ನೇತುಹಾಕುತ್ತೇವೆ. ಒಂದಕ್ಕೊಂದು ತಾಗಬಾರದು, ಅಷ್ಟೇ. ಹೋದ ಸಲದ ಕೊನೆಯ ಸೌತೆ ಇಳಿಸಿದ್ದು ಆಟಿ ತಿಂಗಳ (ಜುಲೈ-ಆಗಸ್ಟ್) ಜೋರು ಮಳೆಯಲ್ಲಿ, ತರಕಾರಿ ತರಲು ಹೊರಗೆ ಕಾಲಿಡಲಾಗದ ದಿನ. ಸಿಪ್ಪೆ ಸ್ವಲ್ಪ ಸುಕ್ಕಾಗಿತ್ತು, ಒಳಗೆ ಗಟ್ಟಿಯಾಗಿಯೇ ಇತ್ತು. ಹುಳಿಗೆ ತಿರುಳು ಹೋಯಿತು. ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಒಣಗಿಸಿ ಡಬ್ಬಿಯಲ್ಲಿಟ್ಟಿದ್ದೇನೆ. ಈ ವಾರ ಬಿಸಿಲು ನಿಂತರೆ ಊರಬೇಕು.