13 ಕಿಲೋಮೀಟರಿಗೆ 8 ಗಂಟೆ ಯಾಕೆ ಬೇಕು?

ಟ್ರೆಕ್ಕಿಗೆ ಜನರನ್ನ ಕರ್ಕೊಂಡು ಹೋಗೋದೇ ನನ್ನ ಕೆಲಸ, ಹಂಗಾಗಿ ಪ್ರತಿ ಬ್ಯಾಚಲ್ಲೂ ಒಬ್ರಾದ್ರೂ ಕೇಳ್ತಾರೆ, "ಸರ್, ನಾನು ದಿನಾ ಪಾರ್ಕಲ್ಲಿ ಗಂಟೆಗೆ 5 ಕಿಲೋಮೀಟರ್ ನಡೀತೀನಿ, ಕುಕ್ಕೆಯಿಂದ ಕುಮಾರ ಪರ್ವತ ಸುಮಾರು 13 ಅಂತಲ್ಲ, ಮೂರು ಗಂಟೆ ಸಾಕಲ್ವಾ?" ಸಾಕಾಗಲ್ಲ. ಕುಕ್ಕೆ ಇರೋದು ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ, ಪರ್ವತದ ತುದಿ 1712 ಮೀಟರ್, ಅಂದ್ರೆ ಅಷ್ಟು ದಾರೀಲಿ ಹತ್ತಿರ ಹತ್ತಿರ 1600 ಮೀಟರ್ ಏರ್ಬೇಕು.

1892ರಲ್ಲಿ ವಿಲಿಯಂ ನೈಸ್ಮಿತ್ ಅನ್ನೋ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಲೆಕ್ಕ ಕೊಟ್ಟಿದ್ರು, ನಾನು ಇವತ್ತಿಗೂ ಅದ್ರಿಂದಾನೇ ಶುರು ಮಾಡೋದು: 5 ಕಿಲೋಮೀಟರಿಗೆ ಒಂದು ಗಂಟೆ, ಅದ್ರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇಲ್ಲಿಗೆ ಹಾಕಿದ್ರೆ ಐದೂಕಾಲು ಗಂಟೆ ಬರುತ್ತೆ, ಅದೂ ಎಲ್ಲೂ ಕೂರದೆ. ಬ್ಯಾಗು, ಊಟ, ಸುಸ್ತು ಎಲ್ಲಾ ಸೇರಿ ನಾನು 8 ಗಂಟೆ ಹಿಡೀತೀನಿ.

ಯಾಕಂದ್ರೆ ಕಾಲ ಕೆಳಗಿನ ನೆಲ ಹೆಂಗಿದೆ ಅನ್ನೋದು ಆ ಲೆಕ್ಕದಲ್ಲಿಲ್ಲ. ಕುಮಾರ ಪರ್ವತದ ದಾರಿ ಮಧ್ಯೆ ಸಿಗೋ ಗಿರಿಗದ್ದೆ ಭಟ್ಟರ ಮನೆ ತನಕ ದಟ್ಟ ಕಾಡು, ಬೇರು, ಕಲ್ಲು, ಪ್ರತಿ ಹೆಜ್ಜೆ ನೋಡಿ ಇಡ್ಬೇಕು, ಮಳೆ ಬಿದ್ದಿದ್ರೆ ಜಾರುತ್ತೆ, ಇಂಬಳ ಕೀಳೋಕೆ ನಿಲ್ಲೋದು ಬೇರೆ. ಮುಂದೆ ಬೋಳು ಹುಲ್ಲುಗಾವಲು, ಹೆಜ್ಜೆ ಇಡೋಕೆ ಸಲೀಸು ಆದ್ರೆ ನೆರಳಿಲ್ಲ, ಬಿಸಿಲೇರಿದ ಮೇಲೆ ಅಲ್ಲಿ ಸಿಕ್ಕೊಂಡ್ರೆ ಎಂಥಾ ಗಟ್ಟಿ ಆಳೂ ನಿಧಾನ ಆಗ್ತಾರೆ. ತುದಿಗಿಂತ ಮುಂಚೆ ಸಿಗೋ ಶೇಷ ಪರ್ವತ ದಾಟಿ ಶೋಲಾ ಕಾಡಿಗೆ (ಬೆಟ್ಟದ ಮಡಿಲಲ್ಲಿರೋ ಸಣ್ಣ ದಟ್ಟ ಕಾಡು) ಇಳಿದು ಮತ್ತೆ ಬಂಡೆ ಹತ್ತೋ ಕಡೆ ಕೈನೂ ಊರ್ಬೇಕು, ಅಲ್ಲಿ ಕಿಲೋಮೀಟರ್ ಲೆಕ್ಕಾನೇ ಬಿಟ್ಬಿಡಿ.

ದೊಡ್ಡ ಏರೇ ಇಲ್ಲದ ಕುಮಟಾ-ಗೋಕರ್ಣ ಬೀಚ್ ಟ್ರೆಕ್ಕಲ್ಲೂ ಇದೇ ಕಥೆ. ಒಣ ಮರಳಲ್ಲಿ ಕಾಲು ಹೂತು ಹೂತು ಶಕ್ತಿ ಎರಡರಷ್ಟು ಖರ್ಚಾಗುತ್ತೆ, ಅದಕ್ಕೆ ಸಮುದ್ರದ ನೀರು ಇಳಿಯೋ ಹೊತ್ತು ನೋಡ್ಕೊಂಡು ನೀರಂಚಿನ ಗಟ್ಟಿ ಮರಳಲ್ಲಿ ನಡೆಸ್ತೀನಿ.

ಇನ್ನು ಇಳಿಯೋದು ಸುಲಭ ಅನ್ಕೊಳ್ಳೋದು ಬಹಳ ಜನ. ಸಣ್ಣ ಇಳಿಜಾರು ಸುಲಭ ಹೌದು, ಕಡಿದಾಗಿದ್ರೆ ಮಾತ್ರ ಮೈಭಾರಾನ ತೊಡೆ ತಡೀಬೇಕು, ಸ್ನಾಯು ಹಿಗ್ಗುತ್ತಾನೇ ಕೆಲಸ ಮಾಡುತ್ತೆ, ಆ ನೋವು ಜೋರಾಗೋದು ಅವತ್ತಲ್ಲ, ಮಾರನೇ ದಿನ, ಅದರ ಮಾರನೇ ದಿನ. ಒಂದ್ಸಲ ಐದು ದಿನದ ನಡಿಗೇಲಿ ದೊಡ್ಡ ಇಳಿತ ಮುಗಿಸಿದ ಮರುದಿನಕ್ಕೇ ನಾನು ಉದ್ದದ ದಾರಿ ಇಟ್ಟಿದ್ದೆ, ಮಧ್ಯಾಹ್ನದೊಳಗೆ ಇಬ್ರಿಗೆ ಮೆಟ್ಟಿಲು ಇಳಿಯೋಕೂ ಆಗ್ಲಿಲ್ಲ. ಅವತ್ತಿಂದ ಅಂಥಾ ಇಳಿತದ ಮರುದಿನ ಅರ್ಧ ದೂರ ಮಾತ್ರ ಇಡ್ತೀನಿ, ಗುಂಪಲ್ಲಿ ಎಷ್ಟೇ ಹುರುಪಿನವರಿದ್ರೂ.