ವಿಮಾನ ಇಳಿದ ಮೇಲಿನ ಇಪ್ಪತ್ತೆಂಟು ಗುಳಿಗೆಗಳು

ಭಾನುವಾರ ಚರ್ಚಿನಲ್ಲಿ ಬೀಳ್ಕೊಡುಗೆಯ ಪ್ರಾರ್ಥನೆ, ಬುಧವಾರ ರಾತ್ರಿ ಹೈದರಾಬಾದಿನ ಶಂಶಾಬಾದ್ ನಿಲ್ದಾಣದಿಂದ ವಿಮಾನ, ನಡುವಿನ ಸೋಮವಾರ ನನ್ನ ದವಾಖಾನೆ. ಸುವಾರ್ತಾ ಸೇವೆಗೆಂದು ಒಂದು ವರ್ಷಕ್ಕೋ ಎರಡು ವರ್ಷಕ್ಕೋ ಆಫ್ರಿಕಾಕ್ಕೆ ಹೊರಡುವ ನಮ್ಮ ಬೀದರಿನವರು ನನ್ನಲ್ಲಿಗೆ ಬರುವುದು ಹೆಚ್ಚಾಗಿ ಹೀಗೆಯೇ. ಅಷ್ಟು ಹೊತ್ತಿಗೆ ಶೇಂಗಾ ಹಿಂಡಿ ಡಬ್ಬಿಗೆ ಬಿದ್ದಿರುತ್ತದೆ, ಬೈಬಲಿಗೆ ಹೊಸ ಹೊದಿಕೆ ಬಂದಿರುತ್ತದೆ, ಪೆಟ್ಟಿಗೆಯ ತೂಕ ಮೂರು ಸಲ ನೋಡಿ ಆಗಿರುತ್ತದೆ. ಮೈಯೊಂದು ಮಾತ್ರ ಉಳಿದಿರುತ್ತದೆ.

ಕನಿಷ್ಠ ಆರು ವಾರ ಮೊದಲು ಬನ್ನಿ ಎಂದು ಎಷ್ಟು ಹೇಳಿದರೂ ಕಡಿಮೆಯೇ. ಉಗಾಂಡ, ದಕ್ಷಿಣ ಸುಡಾನ್‌ನಂಥ ದೇಶಗಳಿಗೆ ಹೋಗುವವರಿಗೆ ಹಳದಿ ಜ್ವರದ ಲಸಿಕೆ ಬೇಕು. ಅದು ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ, ಅನುಮತಿ ಪಡೆದ ಕೇಂದ್ರಗಳಲ್ಲಷ್ಟೇ. ನಮ್ಮ ಕಡೆಯವರು ಸಾಮಾನ್ಯವಾಗಿ ಹೈದರಾಬಾದಿಗೆ ಹೋಗಿ ಹಾಕಿಸಿಕೊಂಡು ಬರುತ್ತಾರೆ. ಚುಚ್ಚಿಸಿಕೊಂಡು 10 ದಿನ ಕಳೆದ ಮೇಲಷ್ಟೇ ಆ ಪ್ರಮಾಣಪತ್ರಕ್ಕೆ ಬೆಲೆ. 2016ರಿಂದ ಅದು ಜೀವನಪರ್ಯಂತ ನಡೆಯುತ್ತದೆ, ಆದ್ದರಿಂದ ಒಮ್ಮೆ ಹಾಕಿಸಿಕೊಂಡವರು ಆ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನಷ್ಟೇ ಜೋಪಾನ ಮಾಡಬೇಕು. ಹುಚ್ಚುನಾಯಿ ಕಡಿತದ ಮುಂಜಾಗ್ರತೆಯ ಲಸಿಕೆ, ಹಲ್ಲಿನ ತಪಾಸಣೆ, ಸಕ್ಕರೆ ಮತ್ತು ರಕ್ತದೊತ್ತಡದ ಗುಳಿಗೆಗಳ ವ್ಯವಸ್ಥೆ, ಇವೆಲ್ಲ ಎದುರಿಗೆ ಕುಳಿತು ಮಾತನಾಡುವ ಸಂಗತಿಗಳು. ಇಲ್ಲಿ ಬೆಳೆಸುವುದಿಲ್ಲ.

ನಾನು ಈ ಅಂಕಣ ಬರೆಯಲು ಕುಳಿತದ್ದು ಒಂದೇ ಒಂದು ಮಾತಿಗಾಗಿ. ಮಲೇರಿಯಾ ತಡೆಯುವ ಗುಳಿಗೆಯನ್ನು ಊರಿಗೆ ಮರಳಿದ ಮೇಲೂ ನುಂಗಬೇಕು. ವಿಮಾನ ಇಳಿದ ದಿನ ನಿಲ್ಲಿಸಬಾರದು. ಇದನ್ನು ಹೇಳುತ್ತೇನೆ, ಬರೆದು ಕೊಡುತ್ತೇನೆ, ಅವರ ಬಾಯಿಂದಲೇ ಹೇಳಿಸುತ್ತೇನೆ. ಆದರೂ ಮರಳಿ ಬಂದವರು ನಗುತ್ತಾ ಕೇಳುತ್ತಾರೆ: “ಮೇಡಂ, ಊರಿಗೆ ಬಂದೆವಲ್ಲ, ಇನ್ನೇಕೆ ಗುಳಿಗೆ?”

ಹುಮನಾಬಾದ್ ಕಡೆಯ ಒಬ್ಬ ನಿವೃತ್ತ ಶಿಕ್ಷಕರು ಉಗಾಂಡದಲ್ಲಿ ಒಂದೂವರೆ ವರ್ಷ ಮಕ್ಕಳಿಗೆ ಪಾಠ ಹೇಳಿ ಬಂದರು. ಅಲ್ಲಿದ್ದಷ್ಟು ದಿನ ಡಾಕ್ಸಿಸೈಕ್ಲಿನ್ ಗುಳಿಗೆಯನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಶಿಸ್ತಿನ ಮನುಷ್ಯ. ರಾತ್ರಿ ಊಟವಾದ ಮೇಲೆ, ತುಂಬು ಲೋಟ ನೀರಿನೊಂದಿಗೆ, ನುಂಗಿ ಅರ್ಧ ತಾಸು ಕುಳಿತೇ ಇರುತ್ತಿದ್ದರಂತೆ, ನಾನು ಹೇಳಿದ ಹಾಗೆಯೇ. ಹೈದರಾಬಾದಿಗೆ ಬಂದಿಳಿದ ದಿನ ನಿಲ್ಲಿಸಿದರು. ಹನ್ನೆರಡನೆಯ ದಿನ ಜ್ವರ ಬಂತು. ಮಳೆಗಾಲ, ಊರಿನಲ್ಲಿ ಡೆಂಗಿಯ ಮಾತು. ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿದಿತ್ತು, ಡೆಂಗಿ ಎಂದೇ ಸಲೈನ್ ಹಚ್ಚಿದರು. ಎಲ್ಲಿಂದ ಬಂದಿರಿ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾಲ್ಕನೆಯ ದಿನ ನನ್ನ ಬಳಿ ಕರೆತಂದಾಗ ಅವರು ಹೆಂಡತಿಯನ್ನು ಗುರುತಿಸುತ್ತಿರಲಿಲ್ಲ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತ್ತು. ರಕ್ತ ಲೇಪನದ ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ಕೆಂಪು ಕಣಗಳೊಳಗೆ ಸಣ್ಣ ಸಣ್ಣ ಉಂಗುರಗಳು, ಕೆಲವು ಕಣಗಳಲ್ಲಿ ಎರಡೆರಡು. ಫಾಲ್ಸಿಪಾರಮ್, ಮಲೇರಿಯಾದ ಅತಿ ಮಾರಕ ಬಗೆ.

ಆರ್ಟಿಸುನೇಟ್ ಚುಚ್ಚುಮದ್ದು ಆಯಿತು, ಕೆಲವು ದಿನ ಡಯಾಲಿಸಿಸ್ ಆಯಿತು. ದೇವರ ದಯೆಯಿಂದ ಬದುಕಿದರು. ಅವರು ಕಣ್ಣು ಬಿಟ್ಟು ಮಾತನಾಡಿದ ದಿನ ಅವರ ಹೆಂಡತಿ ಚೀಲದಿಂದ ಒಂದು ಕಟ್ಟು ತೆಗೆದು ನನ್ನ ಮೇಜಿನ ಮೇಲಿಟ್ಟರು. ಉಳಿದ ಡಾಕ್ಸಿಸೈಕ್ಲಿನ್ ಪಟ್ಟಿಗಳು, ಮೇಲೆ ಎರಡು ಸುತ್ತು ರಬ್ಬರ್ ಬ್ಯಾಂಡ್. “ಮುಂದೆ ಹೋಗುವವರಿಗೆ ಆಗುತ್ತದೆ ಎಂದು ಉಳಿಸಿದ್ದರು, ಅಕ್ಕಾ” ಎಂದರು. ಎಣಿಸಿದೆ. ಇಪ್ಪತ್ತೆಂಟಕ್ಕಿಂತ ಹೆಚ್ಚೇ ಇದ್ದವು.

ನಿರ್ಲಕ್ಷ್ಯದಿಂದ ನಿಲ್ಲಿಸಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಸೊಳ್ಳೆ ಅಲ್ಲಿದೆ, ನಾನು ಇಲ್ಲಿದ್ದೇನೆ, ಇನ್ನು ಗುಳಿಗೆ ದಂಡ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಅದು ತಪ್ಪುವುದು ಎಲ್ಲಿ ಎಂಬುದನ್ನು ನಮ್ಮ ಹೊಲದ ಮಾತಿನಲ್ಲೇ ಹೇಳುತ್ತೇನೆ.

ಸೊಳ್ಳೆ ಕಚ್ಚಿದಾಗ ಮೈಯೊಳಗೆ ಬೀಳುವುದು ಬೀಜ. ಅದು ರಕ್ತದಲ್ಲಿ ಉಳಿಯುವುದಿಲ್ಲ, ಒಂದು ತಾಸಿನೊಳಗೆ ಯಕೃತ್ತಿಗೆ ಹೋಗಿ ಅಡಗುತ್ತದೆ. ಅಲ್ಲಿ ಸುಮಾರು ಒಂದು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ, ಸದ್ದಿಲ್ಲದೆ ಬೆಳೆದು, ಒಂದು ಸಾವಿರಾರಾಗಿ, ಆಮೇಲೆ ರಕ್ತಕ್ಕೆ ಬರುತ್ತದೆ. ಜ್ವರ ಬರುವುದು ಆಗ. ಡಾಕ್ಸಿಸೈಕ್ಲಿನ್ ಎಂಬುದು ಎಡೆಕುಂಟೆ ಇದ್ದ ಹಾಗೆ. ಮೊಳೆತು ಮೇಲೆ ಬಂದ ಕಳೆಯನ್ನು ಕೀಳುತ್ತದೆ, ಮಣ್ಣೊಳಗಿನ ಬೀಜಕ್ಕೆ ಏನೂ ಮಾಡದು. ಅಲ್ಲಿಂದ ಹೊರಡುವ ಹಿಂದಿನ ರಾತ್ರಿ ಸೊಳ್ಳೆ ಕಚ್ಚಿದೆ ಎನ್ನಿ. ಆ ಬೀಜ ನಿಮ್ಮ ಜೊತೆಗೇ ವಿಮಾನ ಹತ್ತುತ್ತದೆ, ಶಂಶಾಬಾದಿನಲ್ಲಿ ಇಳಿಯುತ್ತದೆ, ಬೀದರಿನ ಮನೆಯಲ್ಲಿ ಮೊಳೆಯುತ್ತದೆ. ಅಂದು ಎಡೆಕುಂಟೆಯನ್ನು ಅಟ್ಟಕ್ಕೆ ಹಾಕಿದ್ದರೆ ಕೀಳುವವರು ಯಾರು? ಜೊತೆಗೆ ಈ ಔಷಧಿ ನಿಧಾನದ್ದು, ಒಂದೇ ಏಟಿಗೆ ಕೊಲ್ಲುವುದಿಲ್ಲ. ಅದಕ್ಕೇ ನಾಲ್ಕು ವಾರ, ದಿನಕ್ಕೊಂದರಂತೆ ಇಪ್ಪತ್ತೆಂಟು ಗುಳಿಗೆ. ವಾರಕ್ಕೊಮ್ಮೆ ನುಂಗುವ ಮೆಫ್ಲೋಕ್ವಿನ್‌ಗೂ ಇದೇ ನಾಲ್ಕು ವಾರ. ಅಟೊವಾಕ್ವೋನ್ ಮತ್ತು ಪ್ರೋಗ್ವಾನಿಲ್ ಕೂಡಿದ ಗುಳಿಗೆ ಯಕೃತ್ತಿನೊಳಗೂ ಕೆಲಸ ಮಾಡುವುದರಿಂದ ಅದನ್ನು ಮರಳಿದ ಮೇಲೆ 7 ದಿನ ನುಂಗಿದರೆ ಸಾಕು.

ಈ ಅಡಗುವ ಜಾಗ ದೊಡ್ಡ ವಿಜ್ಞಾನಿಗಳ ಕಣ್ಣನ್ನೂ ತಪ್ಪಿಸಿತ್ತು. ಮಲೇರಿಯಾದ ಗುಟ್ಟು ಸೊಳ್ಳೆಯಲ್ಲಿದೆ ಎಂಬುದಕ್ಕೆ ರೊನಾಲ್ಡ್ ರಾಸ್ ಮೊದಲ ಸಾಕ್ಷಿ ಕಂಡದ್ದು 1897ರ ಆಗಸ್ಟ್ 20ರಂದು, ನಮಗೆ ಕೂಗಳತೆಯಲ್ಲೇ ಇರುವ ಸಿಕಂದರಾಬಾದಿನಲ್ಲಿ. ಆದರೆ ಸೊಳ್ಳೆ ಕಚ್ಚಿದ ಮೇಲೆ, ಜ್ವರ ಬರುವ ಮುನ್ನ, ಆ ಜೀವಿ ಮನುಷ್ಯನ ಮೈಯಲ್ಲಿ ಎಲ್ಲಿರುತ್ತದೆ ಎಂಬುದು ತಿಳಿಯಲು 1948 ಬರಬೇಕಾಯಿತು. ಶಾರ್ಟ್ ಮತ್ತು ಗಾರ್ನಮ್ ಎಂಬ ವಿಜ್ಞಾನಿಗಳು ಅದನ್ನು ಯಕೃತ್ತಿನಲ್ಲಿ ಹಿಡಿದರು. ರಾಸ್ ನಂತರ ಐವತ್ತು ವರ್ಷ ವಿಜ್ಞಾನಕ್ಕೇ ಕಾಣದ್ದು ನಮ್ಮ ಮೇಷ್ಟ್ರಿಗೆ ತಾನಾಗಿ ಹೊಳೆಯಬೇಕಿತ್ತು ಎಂದು ನಾನು ಹೇಗೆ ಹೇಳಲಿ?

ಇನ್ನೊಂದು ಮಾತನ್ನೂ ಕೇಳುತ್ತೇನೆ: “ನಾವು ಬೀದರಿನ ಸೊಳ್ಳೆಗಳ ನಡುವೆ ಬೆಳೆದವರು, ಮಲೇರಿಯಾ ನಮಗೇನು ಮಾಡುತ್ತದೆ?” ಪ್ರಪಂಚದ ಮಲೇರಿಯಾ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆಫ್ರಿಕಾದಲ್ಲಿವೆ, ಬಹುತೇಕ ಎಲ್ಲವೂ ಫಾಲ್ಸಿಪಾರಮ್. ಅಲ್ಲೇ ಹುಟ್ಟಿ, ಮತ್ತೆ ಮತ್ತೆ ಜ್ವರ ಉಂಡು ಬೆಳೆದವರಿಗೆ ಒಂದಷ್ಟು ತಾಳಿಕೆ ಬರುತ್ತದೆ, ನಿಜ. ಅವರೂ ಕೆಲವು ವರ್ಷ ಬೇರೆ ದೇಶದಲ್ಲಿದ್ದರೆ ಅದು ಕರಗಿಹೋಗುತ್ತದೆ. ನಮಗಂತೂ ಅದು ಮೊದಲೇ ಇಲ್ಲ.

ವಿಶ್ವಾಸದ ಮಾತನ್ನು ಮೆಲ್ಲಗೆ ಆಡುತ್ತೇನೆ. ನಾನು ಮಂಗಲಪೇಟೆಯಲ್ಲಿ, ಪ್ರಾರ್ಥನೆಯ ನಡುವೆಯೇ ಬೆಳೆದವಳು. “ಕರೆದ ದೇವರು ಕಾಯುತ್ತಾನೆ” ಎಂದು ಹೇಳಿ ಚೀಟಿಯನ್ನು ಮಡಚಿಡುವ ಹುಡುಗರನ್ನು ಕಂಡಾಗ ನನಗೆ ಕೋಪ ಬರುವುದಿಲ್ಲ, ಭಯವಾಗುತ್ತದೆ. ಬೈಬಲಿನ ಪೌಲನ ಜೊತೆಯಲ್ಲಿ ಲೂಕನೆಂಬ ವೈದ್ಯನಿದ್ದ. ಆಫ್ರಿಕಾಕ್ಕೆ ಹೋದ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ ಸ್ವತಃ ವೈದ್ಯ, ಕ್ವಿನೈನ್ ಬೆರೆಸಿದ ಗುಳಿಗೆಯನ್ನು ತನ್ನವರಿಗೆಲ್ಲ ಕೊಡುತ್ತಿದ್ದ. ಅಂಥವನ ಹೆಂಡತಿ ಮೇರಿಯೇ 1862ರಲ್ಲಿ ಜಾಂಬೆಜಿ ನದಿಯ ದಡದಲ್ಲಿ ಜ್ವರದಿಂದ ತೀರಿಕೊಂಡಳು. ಆ ಕಾಲದವರ ಕೈಯಲ್ಲಿ ಇದ್ದದ್ದು ಅಷ್ಟೇ. ನಮ್ಮ ಕೈಯಲ್ಲಿ ಅದಕ್ಕಿಂತ ಬಹಳ ಇದೆ.

ಇದನ್ನು ಓದಿ ನೀವೇ ಅಂಗಡಿಗೆ ಹೋಗಿ ಗುಳಿಗೆ ಆರಿಸಿಕೊಳ್ಳಬೇಡಿ. ಡಾಕ್ಸಿಸೈಕ್ಲಿನ್ ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಆಗದು, ಬಿಸಿಲಿಗೆ ಕೆಲವರ ಚರ್ಮ ಸುಡುತ್ತದೆ. ಮೆಫ್ಲೋಕ್ವಿನ್ ಮನಸ್ಸಿನ ಕಾಯಿಲೆ ಅಥವಾ ಮೂರ್ಛೆರೋಗ ಇದ್ದವರಿಗೆ ಬೇಡ. ವರ್ಷಗಟ್ಟಲೆ ಇರುವವರಿಗೆ ಯಾವುದು, ಎಷ್ಟು ಕಾಲ ಎಂಬುದನ್ನು ಒಬ್ಬೊಬ್ಬರಿಗೂ ಬೇರೆಯಾಗಿ ಯೋಚಿಸಬೇಕು. ವೈವಾಕ್ಸ್ ಎಂಬ ಇನ್ನೊಂದು ಬಗೆಯ ಬೀಜ ತಿಂಗಳುಗಟ್ಟಲೆ ಯಕೃತ್ತಿನಲ್ಲಿ ಮಲಗಿದ್ದು ಎದ್ದು ಬರಬಲ್ಲದು. ಅದಕ್ಕೆ ಪ್ರಿಮಾಕ್ವಿನ್ ಇದೆ, ಆದರೆ ರಕ್ತದ ಕೆಂಪು ಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆ ಮಾಡಿಸದೆ ಕೊಡುವಂತಿಲ್ಲ.

ಯಾವ ಗುಳಿಗೆಯೂ ನೂರಕ್ಕೆ ನೂರು ಕಾಯುವುದಿಲ್ಲ, ಸೊಳ್ಳೆ ಪರದೆ ಬೇಕೇ ಬೇಕು. ಮರಳಿದ ಮೇಲೆ, ಮುಖ್ಯವಾಗಿ ಮೊದಲ ಮೂರು ತಿಂಗಳು, ಜ್ವರ ಬಂದರೆ ದವಾಖಾನೆಯಲ್ಲಿ ನಿಮ್ಮ ಬಾಯಿಂದ ಬರುವ ಮೊದಲ ಮಾತು “ನಾನು ಆಫ್ರಿಕಾದಿಂದ ಬಂದಿದ್ದೇನೆ” ಎಂದಿರಲಿ. ಅಂದೇ ರಕ್ತ ಪರೀಕ್ಷೆ ಆಗಬೇಕು. ಒಮ್ಮೆ ಏನೂ ಕಾಣದಿದ್ದರೂ ಮರುದಿನ ಮತ್ತೆ ಮಾಡಿಸಬೇಕು. ಪ್ಲೇಟ್‌ಲೆಟ್ ಮಲೇರಿಯಾದಲ್ಲೂ ಇಳಿಯುತ್ತದೆ.

ಮೇಷ್ಟ್ರ ಪ್ರಸಂಗದ ನಂತರ ನಾನು ಆ ಇಪ್ಪತ್ತೆಂಟು ಗುಳಿಗೆಗಳನ್ನು ಬೇರೆ ಲಕೋಟೆಯಲ್ಲಿ ಹಾಕಿ, ಮೇಲೆ “ಊರಿಗೆ ಬಂದ ಮೇಲೆ” ಎಂದು ದಪ್ಪ ಅಕ್ಷರದಲ್ಲಿ ಬರೆದು ಕೊಡುತ್ತೇನೆ. ಹೋದ ತಿಂಗಳು ಹೊಸದಾಗಿ ಮದುವೆಯಾದ ಇಬ್ಬರು ಹೊರಟರು, ಒಂದು ವರ್ಷಕ್ಕೆ. ಇಬ್ಬರ ಲಕೋಟೆಗಳನ್ನೂ ಹುಡುಗಿಯ ತಾಯಿ ಕೈಗೆತ್ತಿಕೊಂಡು, ಇವು ನನ್ನ ಅಲ್ಮಾರಿನಲ್ಲೇ ಇರಲಿ, ಬಂದ ದಿನವೇ ಕೊಡುತ್ತೇನೆ ಎಂದರು. ಬಾಗಿಲವರೆಗೆ ಹೋದವರು ತಿರುಗಿ ನಿಂತು, “ಇವುಗಳ ಅವಧಿ ಮುಗಿಯುವುದು ಯಾವಾಗ, ಮೇಡಂ?” ಎಂದು ಕೇಳಿದರು. ಲಕೋಟೆ ಬಿಚ್ಚಿ ನೋಡಿದೆ. ಮಕ್ಕಳು ಮರಳುವುದಕ್ಕೆ ಎರಡು ತಿಂಗಳು ಮೊದಲೇ ಮುಗಿಯುತ್ತಿತ್ತು. ಕಾಂಪೌಂಡರನ್ನು ಕರೆದು ಬೇರೆ ಪಟ್ಟಿಗಳನ್ನು ತರಿಸಿದೆ.